ಸಲ್ಲದ ಮುಹೂರ್ತ

ಅಂಗಡಿಯ ಹೆಸರು ನಿಮಿಷಾಂಬ ಪ್ರಿಂಟರ್ಸ್.
ಮಾವ ಇಟ್ಟದ್ದು, ಗಂಜಾಂಗೆ ಹೋಗಿ ನಿಂಬೆಹಣ್ಣು ತಂದು.
ಬಂದವರು ಬೋರ್ಡು ನೋಡಿಯೇ ಜಗಳಕ್ಕೆ ನಿಲ್ಲುತ್ತಾರೆ:
"ಹೆಸರು ನಿಮಿಷ, ಕೆಲಸ ವಾರ. ಏನಕ್ಕೋ ಇದು?"

ಆ ತಾಯಿಗೆ ಪ್ರೂಫ್ ತಿದ್ದುವ ಕೆಲಸವಿಲ್ಲ, ಅಣ್ಣ.
ದೊಡ್ಡಪ್ಪನ ಹೆಸರು ಚಿಕ್ಕಪ್ಪನ ಕೆಳಗೆ ಬಂತೆಂದು
ರಾತ್ರಿ ಹನ್ನೊಂದಕ್ಕೆ ಫೋನು ಬರುವುದಿಲ್ಲ ಅವಳಿಗೆ.
ಶಿವಕಾಶಿಯ ಖಾಲಿ ಕಾರ್ಡಿನ ಬಂಡಲು
ಮೈಸೂರಿನ ಗೋಡೌನಿನಲ್ಲಿ ಮಲಗಿರುವುದಿಲ್ಲ.

ಬೇರೆಯವರ ಗಳಿಗೆ ಅಚ್ಚು ಹಾಕುವುದು ನನ್ನ ಕಸುಬು.
ಇಷ್ಟರಿಂದ ಇಷ್ಟರವರೆಗೆ ಸಲ್ಲುವ ಶುಭ ಲಗ್ನ,
ಇಷ್ಟಕ್ಕೆ ಆರತಕ್ಷತೆ, ಮಾರನೇ ದಿನ ಬೀಗರೂಟ.
ನಡುವೆ ತಿಥಿ ಕಾರ್ಡು ಬಂದರೆ ಮದುವೆಗಳು ಪಕ್ಕಕ್ಕೆ ಸರಿಯುತ್ತವೆ:
ಹನ್ನೊಂದನೇ ದಿನವನ್ನು ಯಾರೂ ಮುಂದೂಡಲಾರರು.
ಕಣ್ಣು ಕೆಂಪಾದ ಹುಡುಗ ಬೆಂಚಿನಲ್ಲಿ ಕೂತೇ ಕಾಯುತ್ತಾನೆ,
ಶಾಯಿ ಆರುವ ಮುಂಚೆ ಎತ್ತಿಕೊಂಡು ಹೋಗುತ್ತಾನೆ,
ಅಪ್ಪನ ಮುಖ ಅವನ ಹೆಬ್ಬೆರಳಿಗೆ ಅಂಟಿಕೊಂಡು.

ಬಿಬಿಎಂ ಓದಿದ ತಂಗಿಯ ಮಗ ಹೇಳಿದ:
"ಪಟ್ಟಿ ಬರಿ ದೊಡ್ಡಮ್ಮ. ಮುಖ್ಯವಾದ್ದು ಮೇಲೆ, ಅರ್ಜೆಂಟಾದ್ದು ಪಕ್ಕಕ್ಕೆ."
ಬರೆದೆ, ಕೆಟ್ಟುಹೋದ ಕಾರ್ಡುಗಳ ಬೆನ್ನ ಮೇಲೆ.
ಇಮ್ತಿಯಾಜನ ಸಂಬಳ. ಕಟಿಂಗ್ ಬ್ಲೇಡಿಗೆ ಸಾಣೆ.
ಇಪ್ಪತ್ತರೊಳಗೆ ಜಿಎಸ್‌ಟಿ. ಮೊಣಕಾಲಿನ ಎಕ್ಸ್‌ರೇ.
ಒಂದು ಕಾರ್ಡು ತುಂಬಿದರೆ ಉಳಿದದ್ದು ಮುಂದಿನದಕ್ಕೆ.
ಹೀಗೆ ಎಂಟು ಮದುವೆ ದಾಟಿತು ನನ್ನ ಮೊಣಕಾಲು.

"ಆಷಾಢದಲ್ಲಿ ಬಾ" ಎಂದೆ ಅವನಿಗೆ, "ಆಗ ನೋಡು ಹೊತ್ತನ್ನು.
ಸಕ್ಕರೆ ಫ್ಯಾಕ್ಟರಿ ಮುಂದೆ ಕಬ್ಬಿನ ಗಾಡಿ ನಿಂತಂಗೆ ನಿಂತಿರ್ತದೆ,
ತೂಕ ಹಾಕುವವರಿಲ್ಲದೆ."

ಈ ವೈಶಾಖಕ್ಕೆಂದು ಬಸರಾಳಿನ ಗಂಡು, ಕೀಲಾರದ ಹೆಣ್ಣು,
ಆರುನೂರು ಕಾರ್ಡು, ಅಂಚಿಗೆ ಅರಿಶಿನ ಬಣ್ಣ, ಚಿನ್ನದ ಗಣಪತಿ.
ಒಯ್ಯಲು ಯಾರೂ ಬರಲಿಲ್ಲ.
ಮೂರನೇ ಸಲ ಫೋನು ಮಾಡಿದಾಗ ಹುಡುಗಿಯೇ ಎತ್ತಿದಳು:
"ಅದು ಆಗಲ್ಲ ಅಕ್ಕ. ನಾನೇ ಬೇಡ ಅಂದೆ.
ಬಾಕಿ ದುಡ್ಡು ಕಳಿಸ್ತೀನಿ."
ಸಂಜೆಯೊಳಗೆ ಬಂತು, ಚಿಲ್ಲರೆ ಸಮೇತ.

ಆರುನೂರು ಬೆನ್ನು ಸಿಕ್ಕವು ನನಗೆ,
ಎರಡು ವರ್ಷದ ಪಟ್ಟಿಗೆ ಸಾಕು.
ಒಂದು ಬೆಳಿಗ್ಗೆ ಪೆನ್ನು ಹಿಡಿದವಳು ಸುಮ್ಮನೆ ತಿರುಗಿಸಿ ನೋಡಿದೆ.
ಗುರುವಾರ. ಇವತ್ತೇ.
ಹತ್ತು ನಲವತ್ತರಿಂದ ಹನ್ನೊಂದು ಇಪ್ಪತ್ತೈದರವರೆಗೆ
ಸಲ್ಲುವ ಶುಭ ಕರ್ಕಾಟಕ ಲಗ್ನ.
ಗೋಡೆಯಲ್ಲಿ ಹತ್ತೂವರೆ.

ಜೋಯಿಸರು ಪಂಚಾಂಗ ಮಗುಚಿ, ರಾಹುಕಾಲ ತಪ್ಪಿಸಿ,
ಎರಡು ಜಾತಕದ ಗ್ರಹಗಳನ್ನು ಒಪ್ಪಿಸಿ ತೆಗೆದ
ನಲವತ್ತೈದು ನಿಮಿಷ,
ಯಾರೂ ಬಿಡಿಸಿಕೊಳ್ಳದ ಪಾರ್ಸಲ್ಲಿನಂತೆ ಬಿದ್ದಿತ್ತು.

"ಮಿಷನ್ ನಿಲ್ಲಿಸು ಇಮ್ತಿಯಾಜ್."
"ಕರೆಂಟ್ ಹೋಯ್ತಾ?"
"ಇಲ್ಲ. ಟೀ ಕುಡಿದು ನಿಧಾನಕ್ಕೆ ಬಾ."
ಷಟರ್ ಅರ್ಧ ಎಳೆದೆ.
ಪೇಪರ್ ರೀಮಿನ ಕೆಳಗಿಟ್ಟ ಫೋನು
ದುಂಬಿಯ ಹಾಗೆ ಗುಂಯ್‌ಗುಟ್ಟಿ ಸುಸ್ತಾಯಿತು.

ಹೇಳಿಕೊಳ್ಳುವಂಥದ್ದೇನೂ ಮಾಡಲಿಲ್ಲ.
ಬುತ್ತಿ ಬಿಚ್ಚಿದೆ. ಮೂರಕ್ಕೆ ಕಲ್ಲಾಗುವ ಮುದ್ದೆ
ಇನ್ನೂ ಬೆಚ್ಚಗಿತ್ತು, ಬೆರಳಿಗೆ ಅಂಟದೆ ಮುರಿಯಿತು.
ಸೊಪ್ಪಿನ ಸಾರಿಗೆ ನಾನೇ ಬೆಳ್ಳುಳ್ಳಿ ಹಾಕಿದ್ದೆ, ಗೊತ್ತಾಯಿತು.
ಗಣಪತಿ ಇಲ್ಲದ ಬಂಡಲು ಹುಡುಕಿ ಅದರ ಮೇಲೆ ಕಾಲು ಚಾಚಿದೆ.
ಕೀಲಾರದಲ್ಲಿ ಅವಳೂ ಈಗ ಗಡಿಯಾರ ನೋಡುತ್ತಿರಬಹುದೆ,
ಇಲ್ಲ ಬಟ್ಟೆ ಒಣಹಾಕುತ್ತಿರಬಹುದೆ ಅಂದುಕೊಂಡೆ.

ಹನ್ನೊಂದು ಇಪ್ಪತ್ತಕ್ಕೆ ಷಟರಿನ ಕೆಳಗಿಂದ ಒಂದು ತಲೆ:
"ಚೆಲುವಕ್ಕಾ, ನಾಮಕರಣದ ಕಾರ್ಡು, ಅರ್ಜೆಂಟು."
"ಇನ್ನೂ ಐದು ನಿಮಿಷ ಐತೆ."
"ಯಾತಕ್ಕೆ?"
"ಲಗ್ನಕ್ಕೆ."

ಅವನು ಒಳಗೆಲ್ಲ ಒಮ್ಮೆ ಕಣ್ಣಾಡಿಸಿದ.
ಆಮೇಲೆ ಚಪ್ಪಲಿ ಹೊರಗೆ ಬಿಟ್ಟು,
ಬಂದು ಬೆಂಚಿನ ಮೇಲೆ ಕೂತ.