ಜೊಟ್ಟು

ನೂಲು ಬಿಚ್ಚಿ ಮುಗಿದ ಮೇಲೆ ಬಾಣಲೆಯಲ್ಲಿ ಉಳಿಯುವುದಕ್ಕೆ
ನಮ್ಮ ಶಿಡ್ಲಘಟ್ಟದಲ್ಲಿ ಜೊಟ್ಟು ಅನ್ನುತ್ತಾರೆ.
ತಕ್ಕಡಿಗೆ ಹಾಕಿದರೆ ಅದಕ್ಕೂ ಒಂದು ದರ ಉಂಟು.

ಹದಿನೇಳು ವರ್ಷ ಕಳೆದು ನಾನೀಗ
ಬ್ಯಾಂಡಿನ ಜೊಟ್ಟು ಗುಡ್ಡೆ ಹಾಕುತ್ತಿದ್ದೇನೆ:
ಆಲ್ಬಮ್ಮಿಗೆ ಸೇರದೆ ಹೋದದ್ದು,
ಇನ್ನೊಬ್ಬರಿಂದ ಕಡ ತಂದು ಹಾಡಿದ್ದು,
ಯಾರದೋ ಮೊಬೈಲಿಗೆ ಅರ್ಧ ಸಿಕ್ಕಿದ್ದು.

ಹೆಸರು ರುಧಿರಖಡ್ಗ.
ಚಿಂತಾಮಣಿಯಲ್ಲಿ ಅಚ್ಚು ಹಾಕಿಸಿದ ಟೀ ಶರಟಿನ ಮೇಲೆ ಮಾತ್ರ
ರುದಿರಕಡ್ಗ.
ಅಲ್ಲಿ ಕಳೆದ ಎರಡು ಮಹಾಪ್ರಾಣಗಳನ್ನು
ಸಿಕಂದರ್ ತನ್ನ ಗಂಟಲಲ್ಲಿ ವಸೂಲು ಮಾಡಿದ.

ಅವನಪ್ಪನ ರೀಲಿಂಗ್ ಶೆಡ್ಡು, ರಾತ್ರಿ ಹತ್ತರ ಮೇಲೆ.
ಬಾಯ್ಲರ್ ಆರಿದರೂ ಗೋಡೆ ಬೆಚ್ಚಗೆ,
ಬೆಂದ ಹುಳದ ವಾಸನೆ ಕೇಬಲ್ಲಿಗೂ ಅಂಟಿ
ಇವತ್ತು ಡಬ್ಬಿ ತೆರೆದರೂ ಮೊದಲು ಮೂಗಿಗೆ ಕೇಳಿಸುತ್ತದೆ.
ಪಿಳ್ಳಪ್ಪನ ಅವ್ವ ಚರಕದ ಹಿಡಿ ತಿರುವಿದ ವೇಗವೆಲ್ಲ
ಮಗನ ಎರಡೂ ಪಾದಕ್ಕೆ ಇಳಿದಿತ್ತು.
ನಾನು ಬೇಸ್.
ನನ್ನದು ಯಾರಿಗೂ ಕೇಳುತ್ತಿರಲಿಲ್ಲ, ನಿಲ್ಲಿಸಿದಾಗ ಗೊತ್ತಾಗುತ್ತಿತ್ತು.

ಎರಡು ಹುಳ ಸೇರಿ ಒಂದೇ ಗೂಡು ಕಟ್ಟಿದರೆ ಡೂಪಿಯನ್.
ಎಳೆ ಎಲ್ಲೋ ದಪ್ಪ, ಎಲ್ಲೋ ಗಂಟು, ನಯವಾಗಿ ಬರುವುದೇ ಇಲ್ಲ.
ಸುಗುಣಾ, ಅವಳ ತಮ್ಮ ಯತಿರಾಜ,
ಎರಡು ಗಿಟಾರು, ಒಂದೇ ರಾಗ, ಮೂರು ಸ್ವರದ ಅಂತರ.
ಮೂರನೇ ನಿಮಿಷಕ್ಕೆ ಅವಳು: "ಓಡಬೇಡ್ವೋ ಕತ್ತೆ."
ಅವನು: "ನೀನೇ ಎಳೀತಿರೋದು."
ತಂತಿ ನಿಲ್ಲಲಿಲ್ಲ, ಜಗಳವೂ.
ಅದನ್ನು ಕತ್ತರಿಸಲು ಕೂತವನು ಕತ್ತರಿಸದೆ ಎದ್ದೆ.

ಹಿಮ, ಕೋಟೆ, ಡ್ರ್ಯಾಗನ್ನುಗಳ ಪರದೇಶಿ ಹಾಡೊಂದಿದೆ.
ನಾವು ಕಂಡ ಹಿಮ ಅಂದರೆ
ನಂದಿಬೆಟ್ಟದ ಮೇಲೆ ಏಳೂವರೆಗೆ ಕರಗುವ ಮಂಜು.
ಡ್ರ್ಯಾಗನ್ನು ಕಂಡಿದ್ದೆವು:
ಗೂಡು ತೂತು ಮಾಡಿ ರೆಕ್ಕೆ ಬಿಚ್ಚಿ ಹೊರಟ ಚಿಟ್ಟೆ.
ಸಿಕಂದರನ ಅಪ್ಪ ಅದನ್ನು ನೋಡಿ
"ಹೋಯ್ತು, ಇದೂ ಜೊಟ್ಟಿಗೆ" ಅನ್ನುತ್ತಿದ್ದರು.

ಅಜ್ಜಿಯ ತೆಲುಗು ಕುಟ್ಟುವ ಪದವನ್ನೂ ಬಿಡಲಿಲ್ಲ,
ನಿಮಿಷಕ್ಕೆ ನೂರಾ ಎಂಬತ್ತು ಏಟು.
ಅಜ್ಜಿ ಪೂರ್ತಿ ಕೇಳಿ, ಎಲೆ ಮಡಿಸುತ್ತಾ,
"ಇಷ್ಟು ಜೋರಾಗಿ ಕುಟ್ಟಿದರೆ
ಅಕ್ಕಿಯೆಲ್ಲ ನುಚ್ಚಾಗುತ್ತೆ ಮಗಾ."
ಅದೂ ರೆಕಾರ್ಡಾಗಿದೆ. ನುಚ್ಚೂ ಇರಲಿ.

ಗೌರಿಬಿದನೂರಿನ ಕಾಲೇಜು ದಿನ, ಎರಡನೇ ಹಾಡಿಗೆ ಕರೆಂಟು ಹೋಯಿತು.
ಪವರ್ ಹೋದರೆ ಉಳಿಯೋದು ಮೆಟಲ್ಲು ಅಂದ ಪಿಳ್ಳಪ್ಪ
ತಟ್ಟೆ ಬಾರಿಸುತ್ತಲೇ ಇದ್ದ.
ಕತ್ತಲಲ್ಲಿ ಸಿಕಂದರ್ ಮೈಕಿಲ್ಲದೆ ಮೇಲೆ ಹೋದ.
ಮೊದಲು ನಗು ಕೇಳುತ್ತದೆ.
ಆಮೇಲೆ ಒಬ್ಬನೇ ಒಬ್ಬನ ಕೆಮ್ಮು.
ಆಮೇಲೆ ಅದೂ ಇಲ್ಲ.

ಅವನು ಹಗಲು ಗೂಡಿನ ಮಾರುಕಟ್ಟೆಯಲ್ಲಿ ಹರಾಜು ಕೂಗುತ್ತಿದ್ದ.
ಈಗ ದರ ಬೆರಳತುದಿಯಲ್ಲಿ ಏರುತ್ತದೆ, ಗೋಡೆಯ ಪರದೆ ತೋರಿಸುತ್ತದೆ.
ಇಡೀ ಮಾರುಕಟ್ಟೆ ಆಸ್ಪತ್ರೆಯ ಹಾಗೆ.
ಅವನು ಚೀಟಿ ಬರೆದುಕೊಂಡು ಕೂತಿರುತ್ತಾನೆ,
ನೀರು ಬೇಕಾದರೂ ಕೈಸನ್ನೆ.

ಕೂಗಿನ ಕೊನೆಯ ದಿನ ನಾನು ಟೇಪು ಒಯ್ದಿದ್ದೆ.
ಲಾಟು ನಲವತ್ತೊಂದು. ಮುನ್ನೂರ ಹತ್ತು. ಹದಿನೈದು.
ಮುನ್ನೂರ ಇಪ್ಪತ್ತು
ಅಂದವನು ಕೊನೆಯ ಉಕಾರವನ್ನು ಬಿಡಲೇ ಇಲ್ಲ,
ತಗಡಿನ ಸೂರಿನತನಕ ಎತ್ತಿ
ಹನ್ನೊಂದು ಸೆಕೆಂಡು ಅಲ್ಲೇ ಹಿಡಿದ.
ಅದರ ಮೇಲೆ ಯಾರೂ ಕೂಗಲಿಲ್ಲ,
ಎಲ್ಲರೂ ತಲೆಯೆತ್ತಿ ನಿಂತಿದ್ದರು.

ಇದು ಹಾಡಲ್ಲ, ಸೇರಿಸಬೇಡ ಅಂತ ಯತಿರಾಜ.
ಸಿಕಂದರನನ್ನೇ ಕೇಳಿದೆ.
"ಕೊನೇಲಿ ಶ್ರುತಿ ಇಳಿದಿದೆ ಕಣೋ, ಬೇಡ."
ಹೆಸರು ಹಾಕದೆ ಕಟ್ಟಕಡೆಗೆ ಸೇರಿಸಿದ್ದೇನೆ.
ಮೌನವಾಯಿತೆಂದು ನಿಲ್ಲಿಸಿಬಿಡಬೇಡಿ,
ಇನ್ನೂ ನಾಲ್ಕು ಸೆಕೆಂಡು ಇದೆ.
ಮೇಲೂರಿನ ವೆಂಕಟರವಣಪ್ಪ, ಲಾಟಿನ ಯಜಮಾನ,
ಕಂಕುಳಲ್ಲಿ ಖಾಲಿ ಚೀಲ, ಗೊಂದಲದ ದನಿ:
"ಅಲ್ಲಪ್ಪಾ, ಮುಗೀತಾ?
ನನ್ ಗೂಡು ಎಷ್ಟಕ್ಕೆ ಹೋಯ್ತು?"