ಬೇಕು ಬಿದ್ದರೆ

ಚೀಟಿ ಹಿಡಿದು ನಿಂತ. ಸೋಹಾರ್ ಬಂದರಿನಲ್ಲಿ
ಟಗ್ ಬೋಟಿನ ಹಗ್ಗ ಎಳೆಯುವ ಜಟ್ಟಪ್ಪ ಮೊಗೇರ,
ಅಳ್ವೆಕೋಡಿಯವ. ಹೊರಗೆ ನಲವತ್ತಾರು ಡಿಗ್ರಿ,
ಒಳಗೆ ನನ್ನ ಔಷಧದಂಗಡಿಯ ಚಳಿ.

"ಬಾಯಮ್ಮ, ನಿಜ ಹೇಳಿ.
ಡಾಕ್ಟರು ಎಸ್ಓಎಸ್ ಅಂತ ಬರ್ದಿದಾರೆ.
ಹಡಗಿನವರು ನಾವು, ಅದು ಎಂತದಂತ ಗೊತ್ತು.
ಮುಳುಗ್ತಾ ಇದ್ದೇನಾ ನಾನು?"

ನಕ್ಕುಬಿಟ್ಟೆ. ಅವನು ನಗಲಿಲ್ಲ.

ಹಡಗಿನ ಮೂರಕ್ಷರಕ್ಕೆ ಅರ್ಥವೇ ಇಲ್ಲ, ಜಟ್ಟಪ್ಪ.
ಮೂರು ಕುಟ್ಟು, ಮೂರು ಎಳೆತ, ಮತ್ತೆ ಮೂರು ಕುಟ್ಟು,
ಕತ್ತಲಲ್ಲಿ ಕಿವಿ ತಪ್ಪದಿರಲೆಂದು ಆರಿಸಿದ ತಾಳ.
ಆತ್ಮ ಗೀತ್ಮ ಆಮೇಲೆ ಜನ ಅಂಟಿಸಿದ್ದು.
ಇದು ಬೇರೆ. ಇದು ಲ್ಯಾಟಿನ್:
ಸಿ ಓಪುಸ್ ಸಿತ್.

ಹೇಳುವಾಗ ಬಾಯಿಗೆ ಮೇಣದಬತ್ತಿಯ ವಾಸನೆ ಬಂತು.
ಶಿರ್ವದ ಇಗರ್ಜಿಯಲ್ಲಿ ಗಂಟೆ ಹೊಡೆಯುತ್ತಿದ್ದ ನನ್ನಜ್ಜ
ಈ ಭಾಷೆಗೆ ಜೀವಮಾನವಿಡೀ ಆಮೆನ್ ಎಂದ,
ಒಂದು ಪದ ತಿಳಿಯದೆ. ತಿಳಿಯದ್ದಕ್ಕೇ
ಬಲ ಹೆಚ್ಚೆಂದು ನಂಬಿದ್ದ.
ನಾನು ಕಲಿತದ್ದು ಪರೀಕ್ಷೆಗೆ, ಬಾಯಿಪಾಠ.

ಸಿ ಎಂದರೆ ರೆ. ಬಂದರೆ, ಹೋದರೆ, ಇದ್ದರೆ,
ನಮ್ಮಲ್ಲಿ ಬಾಲಕ್ಕೆ ಕಟ್ಟುವ ರೆ
ಅವರಲ್ಲಿ ತಲೆಗೇ ಬರುತ್ತದೆ.
ಸಿತ್ ಎಂದರೆ ಆಗಲಿ ಎಂಬುದರ ಸಣ್ಣ ದನಿ.
ನಡುವಿನ ಓಪುಸ್, ಬೇಕು.
(ಅದಕ್ಕೆ ಕೆಲಸ ಎಂಬ ಅರ್ಥವೂ ಉಂಟು,
ಅವನಿಗೆ ಹೇಳಲಿಲ್ಲ.)
ಕೂಡಿಸಿದರೆ ಇಷ್ಟೇ: ಬೇಕು ಬಿದ್ದರೆ.

ಲಕೋಟೆಯ ಮೇಲೆ ಅರಬಿಯಲ್ಲಿ ಅಚ್ಚಾಗಿದೆ,
ಇಂದಲ್ಲುಜೂಮ್. ಕನ್ನಡಕ್ಕೆ ಅಚ್ಚಿಲ್ಲ.
ಬಾಲ್‌ಪೆನ್ನಿನಲ್ಲಿ ಬರೆದೆ:
ನೋವು ಬಂದರೆ ಒಂದು ಮಾತ್ರೆ.

ಬೆರಳಿಟ್ಟು ಓದಿದ.
"ಬಂದರೆ ಅಂದ್ರೆ? ಅದು ಹೋದದ್ದೇ ಇಲ್ವಲ್ಲ.
ಹನ್ನೊಂದು ವರ್ಷದಿಂದ ಇಲ್ಲೇ ಉಂಟು, ನನ್ನ ಹಾಗೆ."

ಹೊಡೆದುಹಾಕಿ ತಿದ್ದಿದೆ: ತಡೆಯಲಾಗದಿದ್ದರೆ.
"ತಡೀತೇನೆ," ಅಂದ.
ಹತ್ತರ ಪಟ್ಟಿ ಮಡಚಿ ಕಿಸೆಗಿಟ್ಟು ಹೋದ.

ಎರಡು ತಿಂಗಳ ಮೇಲೆ ಬ್ಲೇಡು ಕೊಳ್ಳಲು ಬಂದ.
ಬೆನ್ನು? "ಹಾಗೇ." ಮಾತ್ರೆ?
ಅದೇ ಕಿಸೆಯಿಂದ ತೆಗೆದ, ಉಪ್ಪು ಹತ್ತಿದ ಪಟ್ಟಿ.
ಒಂಬತ್ತು ಗುಳ್ಳೆ ಒಡೆದೇ ಇಲ್ಲ.
"ಒಂದನ್ನು ಅಡುಗೆಯ ರೊಮೆಲ್‌ಗೆ ಕೊಟ್ಟೆ. ಅವನ ಹಲ್ಲು.
ಅವನು ಕೂಗಿದ, ನೋಡಿ.
ಕೂಗಿದರೆ ಗೊತ್ತಾಗ್ತದೆ."

ಬೈಸಾ ಎಣಿಸಿ ಕೊಡುವಾಗ
ಬಂದರಿನ ಕಡೆಯಿಂದ ಒಂದು ಸೈರನ್.
ಕತ್ತೆತ್ತಿ, ಬಾಗಿಲು ಅರ್ಧ ತೆರೆದು,
ಉಸಿರು ಹಿಡಿದು ಕೇಳಿದ.

"ನಮ್ಮದಲ್ಲ," ಅಂದ.