ಕೋತ್ವಾಲನಿಗೊಂದು ಗೂಟ

ತೊಗರಿಕಾಯಿ ಬಿಡಿಸಿದರೆ
ಕಾಳಿಗಿಂತ ಮೊದಲು ಹುಳವೇ ನನ್ನನ್ನು ನೋಡಿತು.
ಹಸಿರು ಮೈ, ಪಕ್ಕೆಗೊಂದು ಬಿಳಿ ಗೆರೆ,
ಅವಸರವೇ ಇಲ್ಲ ಅದಕ್ಕೆ,
ಬಾಡಿಗೆ ಕಟ್ಟಿ ಕೂತವರ ಹಾಗೆ.

ಪುರಂದರ ಗುಡ್ಡದ ಕೆಳಗೆ, ಕರ್ಹಾ ಹೊಳೆಯ ಈ ದಂಡೆಗೆ
ನಾನು ಸೊಸೆಯಾಗಿ ಬಂದ ವರ್ಷವೇ
ಬದುವಿನ ಮೇಲಿನ ಬಾರಿ, ಕವಳಿ, ಮುಳ್ಳುಜಾಲಿ
ಜೆಸಿಬಿಯ ಹಲ್ಲಿಗೆ ಹೋಗಿದ್ದವು.
'ನಾಲ್ಕು ಸಾಲು ಹೆಚ್ಚಿಗೆ ಬಂತು' ಅಂದಿದ್ದ ನನ್ನ ಗಂಡ ಸೋಪಾನ.
ಬಂದದ್ದು ನಿಜ.
ಸಾಲಿನ ಹಿಂದೆಯೇ ಶಿತೋಳೆ ಅಂಗಡಿಯ ಚೀಟಿಯೂ ಬಂತು:
ಒಂದು ಡಬ್ಬಿ, ಮರುವರ್ಷ ಎರಡು,
ಆಮೇಲೆ ಎರಡನ್ನೂ ಕಲಸಿ ಮೂರನೆಯದು.

ಎಳ್ಳಮಾವಾಸ್ಯೆಗೆ ಯಾರಿಗೂ ಹೇಳದೆ
ಕಡಬು ಮಾಡಿದೆ, ಸಜ್ಜಿ ರೊಟ್ಟಿ ಬಡಿದೆ,
ಅನ್ನಕ್ಕೆ ಕೈಬಿಟ್ಟು ಅರಿಶಿಣ ಹಾಕಿದೆ.
ಪುಂಡಿಪಲ್ಯ ಸಿಗದ ಊರು, ಮೆಂತ್ಯದಲ್ಲೇ ಸುಧಾರಿಸಿ
ಬುಟ್ಟಿ ಹೊತ್ತು ಹೊಲಕ್ಕೆ ಹೋದೆ.
'ಹುಲ್ಲುಲ್ಲಿಗ್ಯೋ' ಎಂದು ಚರಗ ಚೆಲ್ಲಿದೆ.
ನಮ್ಮ ಇಂಡಿ ಕಡೆ ಈ ಕೂಗಿಗೆ ಉತ್ತರ ಬರುತ್ತದೆ,
ಕಾಕನ ಹೊಲದಿಂದ, ಅದರಾಚೆಯ ಹೊಲದಿಂದ,
ಕೊನೆಗೆ ಯಾರದೆಂದು ಗೊತ್ತಿಲ್ಲದ ಹೊಲದಿಂದ.
ಇಲ್ಲಿ ಜಗತಾಪರ ಮೋಟಾರು ಗುರ್ ಅಂದಿತು.

ಸಂಜೆ ನೋಡಿದರೆ ಹಳದಿ ಅನ್ನ ಹಾಗೇ ಇತ್ತು,
ಇರುವೆ ಮುತ್ತಿತ್ತು.

ಅತ್ತೆ ಹೌಸಾಬಾಯಿ ಬದುವಿನ ಮೇಲೆ ಕೂತಿದ್ದಳು.
ನಾನು ಅವಳನ್ನು ಕಂಡಿರಲಿಲ್ಲ; ಅವಳು ಎಲ್ಲ ಕಂಡಿದ್ದಳು.
'ಊಟಕ್ಕೆ ಕರೆದೆ, ಸರಿ,' ಅಂದಳು ಮರಾಠಿಯಲ್ಲಿ,
'ಕೂರಲಿಕ್ಕೆ ಮಣೆ ಹಾಕಿದೆಯಾ?'

ಮರುದಿನ ಟೊಮ್ಯಾಟೊಕ್ಕೆ ನಿಲ್ಲಿಸಿದ್ದ ಹಳೆ ಬಿದಿರು ಕಿತ್ತು,
ಅಡ್ಡಕ್ಕೊಂದು ತುಂಡು ಇಟ್ಟು, ಹರಿದ ಸೀರೆಯಂಚಿನಲ್ಲಿ ಬಿಗಿದು
ಎಂಟು ಗೂಟ ನೆಟ್ಟೆವು, ತೊಗರಿಗಿಂತ ಎರಡು ಗೇಣು ಎತ್ತರ.
'ಅಂಗಿ ಒಣಹಾಕಲಿಕ್ಕೇನು?' ಸೋಪಾನ ನಕ್ಕ.

ಮೂರನೇ ದಿನ ಒಬ್ಬ ಬಂದ.
ಇದ್ದಿಲಿಗಿಂತ ಕಪ್ಪು, ಬಾಲವೋ ಬಾಯಿ ತೆರೆದ ಕತ್ತರಿ.
'ಕೋತ್ವಾಲ್,' ಅಂದಳು ಅತ್ತೆ, ಸೆರಗು ಸರಿಮಾಡಿಕೊಂಡು,
ಠಾಣೆಯಿಂದ ಯಾರೋ ಬಂದರೆಂಬಂತೆ.
'ನಮ್ಮಲ್ಲಿ ಕಾಜಾಣ' ಅಂದೆ.
ಕಾ, ಜಾ, ಣ. ನಾಲಿಗೆಯ ಮೇಲೆ ಹೊರಳಿಸಿ ನೋಡಿದಳು,
ಪರವೂರಿನ ಬೆಲ್ಲ ನೋಡುವ ಹಾಗೆ.
ಅವನಿಗೆ ಎರಡು ಹೆಸರೂ ಬೇಕಿರಲಿಲ್ಲ.
ಗೂಟದಿಂದ ಜಾರಿದ, ಕಾಯಿಯ ಮೇಲಿಂದ ಒಂದನ್ನೆತ್ತಿದ,
ತಿರುಗಿ ಅದೇ ಗೂಟ.

ಮೃಗಶಿರಾ ಹನಿದಾಗ ಬದುವಿನ ಸರದಿ.
ನರ್ಸರಿಯವನು ಸಿಲ್ವರ್ ಓಕ್ ತೋರಿಸಿದ: ನೆಟ್ಟಗೆ ಬೆಳೆಯುತ್ತೆ, ಬೇಗ ಬೆಳೆಯುತ್ತೆ.
'ಅದಕ್ಕೆ ನಮ್ಮ ಹಕ್ಕಿಗಳ ಗುರುತಿಲ್ಲ' ಅಂದಳು ಅತ್ತೆ,
ಗುಡ್ಡಕ್ಕೆ ಹತ್ತಿ, ನರಿಯ ಹಿಕ್ಕೆಯಲ್ಲಿದ್ದ ಬಾರಿಬೀಜ
ಸೆರಗಿನಲ್ಲಿ ಕಟ್ಟಿ ತಂದಳು. ಕವಳಿಯನ್ನೂ ತಂದಳು,
ಕೈತುಂಬ ಗೀರು.
ಈಗ ಆ ಮುಳ್ಳಿನೊಳಗೆ ಯಾರು ಯಾರೋ ಸಂಸಾರ ಹೂಡಿದ್ದಾರೆ,
ಕೆಲವರ ಹೆಸರು ನಮ್ಮಿಬ್ಬರ ಭಾಷೆಗೂ ಬರುವುದಿಲ್ಲ.

ಅಂಜೂರದಲ್ಲಿ ಕಾಲುಭಾಗ ಪಿಕಳಾರಗಳು ತಿಂದವು.
ಇದನ್ನು ಹೇಳದಿದ್ದರೆ ಸುಳ್ಳಾದೀತು.
ಸೋಪಾನ ಇನ್ನೂ ಒಂದು ಡಬ್ಬಿ ತರುತ್ತಾನೆ,
ಆದರೆ ಗೂಟದ ಮೇಲೆ ಕೋತ್ವಾಲನಿದ್ದರೆ
ಬೆನ್ನಿಗೆ ಪಂಪು ಹೊತ್ತು, ಆ ಸಾಲು ಬಿಟ್ಟು ಸುತ್ತಿ ಹೋಗುತ್ತಾನೆ.
ಕೇಳಿದರೆ, ಅಲ್ಲಿ ಕೆಸರು ಅನ್ನುತ್ತಾನೆ.

ಈ ಅಮಾವಾಸ್ಯೆ ಚರಗ ಚೆಲ್ಲಿ ಕೂಗಿದೆ.
ಬಾರಿಗಿಡದಾಚೆಯಿಂದ ಒಂದು ಮುದಿದನಿ
ಅರ್ಧ ಸರಿ, ಅರ್ಧ ತಪ್ಪು,
'ಹುಲ್ಲಿಲ್ಲುಗ್ಯೋ!'
ಗೂಟದ ಮೇಲಿದ್ದವನು ತಿರುಗಿ ನೋಡಲಿಲ್ಲ,
ಅವನ ಕೊಕ್ಕಿನಲ್ಲಿ ಹುಳವಿತ್ತು.